ಬೇಗ ತೀರಿಸಿದವರಿಗೆ ಯಾಕೆ ಈ ದಂಡ? ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಜಯ್ ಮಲ್ಹೋತ್ರಾ ಅವರಿಗೆ,
ಗವರ್ನರ್, ಭಾರತೀಯ ರಿಸರ್ವ್ ಬ್ಯಾಂಕ್, ಮುಂಬೈ

ನಮಸ್ಕಾರ.

ಸಾಲ ತೀರಿಸದವರ ಬಗ್ಗೆ ನಿಮ್ಮ ಟೇಬಲ್ಲಿಗೆ ಬೇಕಾದಷ್ಟು ವರದಿ ಬರುತ್ತವೆ. ನಾನು ಹೇಳಬೇಕಿರುವುದು ಬೇಗ ತೀರಿಸಲು ಹೋದವರ ಕಥೆ. ಕೈಯಲ್ಲಿ ದುಡ್ಡಿದೆ, ಸಾಲ ಮುಗಿಸಿಬಿಡೋಣ ಅನ್ನುವ ಮನಸ್ಸಿದೆ, ವಾಯಿದೆಗೆ ಇನ್ನೂ ಇಪ್ಪತ್ತು ದಿನ ಬಾಕಿ ಇದೆ. ಇಂಥವರನ್ನು ಮೊಬೈಲ್ ಸಾಲದ ಆ್ಯಪ್‌ಗಳು ಹೇಗೆ ನಡೆಸಿಕೊಳ್ಳುತ್ತವೆ ಅಂತ ನಿಮಗೆ ಗೊತ್ತಾಗಬೇಕು. ನಿಮ್ಮದೇ ನಿಯಮಗಳಲ್ಲಿ ಇವರಿಗೆ ಅರ್ಧ ರಕ್ಷಣೆ ಇದೆ. ಉಳಿದರ್ಧ ಇಲ್ಲ. ಇರುವ ಅರ್ಧವೂ ನಮ್ಮ ಬೀದಿಯವರೆಗೆ ಬಂದಿಲ್ಲ.

ಗೋಕುಲ ರಸ್ತೆ ಕಡೆ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಪ್ಯಾನ್ ಕಾರ್ಡ್, ಪಿಎಫ್ ಕ್ಲೇಮ್, ಹೆಸ್ಕಾಂ ಬಿಲ್ಲು, ಇಂಥ ಕೆಲಸ. ಸುತ್ತಮುತ್ತ ಇಂಡಸ್ಟ್ರಿಯಲ್ ಎಸ್ಟೇಟು. ಲೇಥ್, ವೆಲ್ಡಿಂಗ್, ಪ್ಯಾಕಿಂಗ್ ಕೆಲಸದ ಹುಡುಗರು ಶಿಫ್ಟ್ ಮುಗಿಸಿ ಬರುತ್ತಾರೆ. ಇವರ ಪಗಾರ ತಿಂಗಳ ಏಳಕ್ಕೋ ಹತ್ತಕ್ಕೋ ಆಗುತ್ತದೆ, ಇಪ್ಪತ್ತಕ್ಕೆಲ್ಲ ಮುಗಿದಿರುತ್ತದೆ. ಮೊದಲಾದರೆ ಮಾಲೀಕರ ಹತ್ತಿರ ಅಡ್ವಾನ್ಸ್ ಕೇಳುತ್ತಿದ್ದರು, ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದರು, ಗೆಳೆಯರ ಹತ್ತಿರ ಕೈಗಡ ತರುತ್ತಿದ್ದರು. ಅದರಲ್ಲಿ ಬೈಗುಳ ಇತ್ತು, ಮುಜುಗರ ಇತ್ತು. ಆದರೆ ಬೇಗ ತಂದುಕೊಟ್ಟರೆ ಯಾರೂ ದಂಡ ಹಾಕುತ್ತಿರಲಿಲ್ಲ. ಈಗ ಫೋನಿನಲ್ಲೇ ಸಾಲ. ಆಧಾರ್, ಪ್ಯಾನ್, ಒಂದು ಸೆಲ್ಫಿ. ಟೀ ಆರುವುದರೊಳಗೆ ಖಾತೆಗೆ ದುಡ್ಡು.

ಒಬ್ಬ ಲೇಥ್ ಕೆಲಸದ ಹುಡುಗನ ಲೆಕ್ಕ ಹೇಳುತ್ತೇನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಆ್ಯಪ್‌ನ ಹೆಸರೂ ಬೇಡ.

ತಾಯಿಯ ಸ್ಕ್ಯಾನಿಂಗ್‌ಗೆ ಅಂತ 30 ದಿನಕ್ಕೆ 10,000 ರೂಪಾಯಿ ಸಾಲ ತೆಗೆದ. ಪ್ರೊಸೆಸಿಂಗ್ ಫೀ 800, ಅದರ ಮೇಲೆ ಶೇ 18ರ ಜಿಎಸ್‌ಟಿ 144. ಒಟ್ಟು 944 ರೂಪಾಯಿ ಮುರಿದುಕೊಂಡು 9,056 ರೂಪಾಯಿ ಖಾತೆಗೆ ಹಾಕಿದರು. ಬಡ್ಡಿ ವರ್ಷಕ್ಕೆ ಶೇ 36, ನಮ್ಮ ಕಡೆಯ ಮಾತಿನಲ್ಲಿ ಮೂರು ರೂಪಾಯಿ ಬಡ್ಡಿ. 30 ದಿನಕ್ಕೆ ಅದು 296 ರೂಪಾಯಿ ಆಗುತ್ತದೆ. ಅಂದರೆ ವಾಯಿದೆ ದಿನ 10,296 ಕಟ್ಟಬೇಕು. ಇಷ್ಟನ್ನು ಅವನು ಒಪ್ಪಿಕೊಂಡೇ ತೆಗೆದದ್ದು. ಅದರ ಬಗ್ಗೆ ಅವನ ತಕರಾರಿಲ್ಲ.

ಹತ್ತನೇ ದಿನ ಅವನ ಕೈಗೆ ದುಡ್ಡು ಬಂತು. ಯಾವತ್ತೋ ಕೊಟ್ಟಿದ್ದ ಕೈಗಡವನ್ನು ಗೆಳೆಯ ವಾಪಸ್ ಕೊಟ್ಟ. ಸಾಲ ಚುಕ್ತಾ ಮಾಡೋಣ ಅಂತ ಆ್ಯಪ್ ತೆರೆದರೆ ದಾರಿಯೇ ಕಾಣಿಸಲಿಲ್ಲ. ಇನ್ನೊಂದು ಸಾಲ ತಗೊಳ್ಳಿ ಅನ್ನುವ ಹಸಿರು ಬಟನ್ ಮೇಲುಗಡೆಯೇ ಇತ್ತು. ಇರುವ ಸಾಲ ಮುಗಿಸುವ ಬಟನ್ ಸಹಾಯ ಅನ್ನುವ ಪುಟದ ಒಳಗೆ, ಮತ್ತೊಂದು ಪುಟದ ತಳದಲ್ಲಿ. ನನ್ನ ಹತ್ತಿರ ಬಂದ. ಇಬ್ಬರೂ ಸೇರಿ ಹುಡುಕಿದೆವು. ಕೊನೆಗೆ ಸಿಕ್ಕಿತು. ಒತ್ತಿದರೆ 10,571 ರೂಪಾಯಿ ಕಟ್ಟಿ ಅಂತ ಬಂತು.

ಅಸಲು 10,000. ಹತ್ತು ದಿನದ ಬಡ್ಡಿ 99. ಅವಧಿಗೆ ಮುಂಚೆ ಮುಚ್ಚುವ ಶುಲ್ಕ ಶೇ 4, ಅಂದರೆ 400. ಅದಕ್ಕೆ ಜಿಎಸ್‌ಟಿ 72. ಒಟ್ಟು 10,571.

"ಅಕ್ಕಾರ, ಇಪ್ಪತ್ತ ದಿನಾ ಮೊದ್ಲ ಕೊಡ್ತೀನಿ ಅಂದ್ರ ಎರಡ್ನೂರಾ ಎಪ್ಪತ್ತೈದು ಜಾಸ್ತಿ ಕೇಳಾಕತ್ತಾರಲ್ರಿ. ಇದೆಂಥಾ ಲೆಕ್ಕರೀ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಗವರ್ನರ್ ಅವರೇ, ನಿಮ್ಮ ಹತ್ತಿರ ಇದೆಯಾ?

ಅವನು ಕಟ್ಟಲಿಲ್ಲ. ಸುಮ್ನೆ 275 ರೂಪಾಯಿ ಯಾಕೆ ಕಳೆದುಕೊಳ್ಳಲಿ, ವಾಯಿದೆಗೇ ಕಟ್ಟುತ್ತೇನೆ ಅಂದ. ಲೆಕ್ಕ ಗೊತ್ತಿದ್ದವರು ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಪಗಾರದ ಮೇಲೆ ಬದುಕುವವರ ಮನೆಯಲ್ಲಿ ಹತ್ತು ಸಾವಿರ ರೂಪಾಯಿ ಇಪ್ಪತ್ತು ದಿನ ಅಲುಗಾಡದೆ ಕೂರುತ್ತದೆಯೇ? ನಡುವೆ ನಾಗರ ಪಂಚಮಿ ಬಂತು. ಅಕ್ಕನನ್ನು ತವರಿಗೆ ಕರೆತರಬೇಕು, ಉಂಡಿ ಕಟ್ಟಬೇಕು, ಸೀರೆ ತರಬೇಕು. ವಾಯಿದೆ ಹೊತ್ತಿಗೆ ಕೈಯಲ್ಲಿ ಉಳಿದದ್ದು ಅರ್ಧ. ಆ ಹಸಿರು ಬಟನ್ ಇತ್ತಲ್ಲ, ಅದನ್ನು ಒತ್ತಿ ಎರಡನೇ ಸಾಲ ತೆಗೆದು ಮೊದಲನೆಯದನ್ನು ತೀರಿಸಿದ. ಮತ್ತೆ ಪ್ರೊಸೆಸಿಂಗ್ ಫೀ, ಮತ್ತೆ ಜಿಎಸ್‌ಟಿ. ಸಾಲದ ಸರಪಳಿ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ಅದು ಎಷ್ಟೋ ಸಲ ಶುರುವಾಗುವುದು ಹೀಗೆ. ತೀರಿಸಲು ಬಂದವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರಿಂದ.

ಇನ್ನೊಂದು ಲೆಕ್ಕ ಇದೆ. ಇದು ಇನ್ನೂ ಒಳಗಿನದು. ಆ ಮುಚ್ಚುವ ಶುಲ್ಕ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ದಿನದ ಲೆಕ್ಕದಲ್ಲಿ ನ್ಯಾಯವಾಗಿ ಬಡ್ಡಿ ಹಾಕಿದರು ಅನ್ನೋಣ. ಆಗಲೂ ಇಪ್ಪತ್ತು ದಿನ ಮುಂಚೆ ಕೊಟ್ಟವನಿಗೆ ಉಳಿಯುವುದು 197 ರೂಪಾಯಿ ಮಾತ್ರ. ಯಾಕೆಂದರೆ ಸಾಲದ ನಿಜವಾದ ಖರ್ಚು ಬಡ್ಡಿಯಲ್ಲಿಲ್ಲ. ಅದು ಮೊದಲ ದಿನವೇ ಮುರಿದುಕೊಂಡ 944 ರೂಪಾಯಿಯಲ್ಲಿದೆ. ಪೂರ್ತಿ 30 ದಿನ ಇಟ್ಟುಕೊಂಡರೆ, ಕೈಗೆ ಬಂದ 9,056ರ ಮೇಲೆ ಒಟ್ಟು ಖರ್ಚು 1,240. ವರ್ಷದ ಲೆಕ್ಕಕ್ಕೆ ಹಿಡಿದರೆ ಸುಮಾರು ಶೇ 167. ಹತ್ತೇ ದಿನಕ್ಕೆ ವಾಪಸ್ ಕೊಟ್ಟರೆ ಖರ್ಚು 1,043. ವರ್ಷದ ಲೆಕ್ಕದಲ್ಲಿ ಸುಮಾರು ಶೇ 420! ಬೇಗ ಕೊಟ್ಟಷ್ಟೂ ದರ ಏರುತ್ತದೆ. ಶೇ 36 ಅಂತ ತೋರಿಸಿದ ಬಡ್ಡಿ ಬರೀ ಹೆಸರಿಗೆ.

ನೀವು 2025ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ನೀವು ಕೊಡುವ ಸಾಲದ ಬಡ್ಡಿಯನ್ನು, ಶೇ 6.50ರಿಂದ 5.25ರವರೆಗೆ ಇಳಿಸಿದಿರಿ. ಮನೆ ಸಾಲ ಇರುವವರ ಕಂತು ಇಳಿಯಿತು, ಒಳ್ಳೆಯದಾಯಿತು. ಪ್ರೊಸೆಸಿಂಗ್ ಫೀಗೂ ರೆಪೊಗೂ ಏನು ಸಂಬಂಧ? ಈ ಹುಡುಗರಿಗೆ ಆ ಸುದ್ದಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಈಗ ನಿಮ್ಮ ನಿಯಮಗಳಿಗೆ ಬರುತ್ತೇನೆ. ನಿಮ್ಮನ್ನು ಬೈಯುವುದಷ್ಟೇ ನನ್ನ ಉದ್ದೇಶವಲ್ಲ. ಒಳ್ಳೆಯ ಕೆಲಸವೂ ಆಗಿದೆ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ತಪಾಸಣೆಗೆ ಹೋದಾಗ ಕಂಡದ್ದನ್ನು ಅದರಲ್ಲಿ ಬಿಚ್ಚಿ ಹೇಳಿದ್ದೀರಿ. ದುಡ್ಡು ಕೊಡುವ ಮೊದಲೇ, ಸಾಲ ಮಂಜೂರಾದ ದಿನದಿಂದಲೇ ಬಡ್ಡಿ ಹಚ್ಚುತ್ತಾರೆ. ತಿಂಗಳ ನಡುವೆ ಸಾಲ ತೀರಿಸಿದರೂ ಪೂರ್ತಿ ತಿಂಗಳ ಬಡ್ಡಿ ಹಿಡಿಯುತ್ತಾರೆ. ಕಂತನ್ನು ಮುಂಗಡವಾಗಿ ತೆಗೆದುಕೊಂಡು, ಬಡ್ಡಿಯನ್ನು ಮಾತ್ರ ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಇದೆಲ್ಲ ನ್ಯಾಯವಲ್ಲ, ಹೆಚ್ಚಿಗೆ ತೆಗೆದುಕೊಂಡದ್ದನ್ನು ವಾಪಸ್ ಕೊಡಿ ಅಂದಿರಿ. ಆ ಸುತ್ತೋಲೆ ಓದಿದಾಗ, ಯಾರೋ ನಮ್ಮ ಅಂಗಡಿಗೇ ಬಂದು ಕೂತು ನೋಡಿದ ಹಾಗಿದೆ ಅನ್ನಿಸಿತು.

2025ರ ಜುಲೈ 2ರಂದು ಇನ್ನೊಂದು ನಿರ್ದೇಶನ ಬಂತು. ಅವಧಿಗೆ ಮುಂಚೆ ಸಾಲ ತೀರಿಸುವವರ ಶುಲ್ಕದ ಬಗ್ಗೆಯೇ ಅದು. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ಅನ್ವಯ. ವ್ಯಾಪಾರಕ್ಕಲ್ಲದ ಕಾರಣಕ್ಕೆ ವ್ಯಕ್ತಿಗಳು ತೆಗೆದ ಸಾಲಕ್ಕೆ ಈ ಶುಲ್ಕ ಹಾಕುವಂತಿಲ್ಲ. ಇಷ್ಟು ತಿಂಗಳು ಕಾಯಲೇಬೇಕು ಅನ್ನುವಂತಿಲ್ಲ. ಸುದ್ದಿ ಬಂದ ದಿನ ನಮ್ಮಲ್ಲಿ ಎಷ್ಟೋ ಜನ ಎಲ್ಲ ಸಾಲಕ್ಕೂ ಇದು ಅಂತ ಖುಷಿಪಟ್ಟರು. ಪೂರ್ತಿ ಓದಿದ ಮೇಲೆ ಗೊತ್ತಾದದ್ದು, ಅದು ಬದಲಾಗುವ ಬಡ್ಡಿದರದ ಸಾಲಗಳಿಗೆ ಮಾತ್ರ. ಮನೆ ಸಾಲ ಹೆಚ್ಚಾಗಿ ಹಾಗಿರುತ್ತದೆ. 30 ದಿನದ, 90 ದಿನದ ಆ್ಯಪ್ ಸಾಲದಲ್ಲಿ ಬಡ್ಡಿದರ ಬದಲಾಗಲು ಸಮಯವಾದರೂ ಎಲ್ಲಿದೆ? ಅದು ನಿಶ್ಚಿತ ದರದ ಸಾಲ. ಅದಕ್ಕೆ ಶುಲ್ಕ ಎಷ್ಟಿರಬೇಕು ಅನ್ನುವುದನ್ನು ಕಂಪನಿಯ ನೀತಿಗೇ ಬಿಟ್ಟಿದ್ದೀರಿ. ಮೊದಲೇ ತಿಳಿಸಿರಬೇಕು, ತಿಳಿಸದ ಶುಲ್ಕ ಹಾಕಬಾರದು, ಅಷ್ಟೇ. ತಿಳಿಸುವುದು ಅವರಿಗೇನು ಕಷ್ಟ? ಸಾಲದ ಮುಖ್ಯ ವಿವರ ಬರೆದುಕೊಡುವ ಕೆಎಫ್‌ಎಸ್ ಹಾಳೆಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಐವತ್ತು ಲಕ್ಷದ ಮನೆ ಸಾಲ ಮುಂಚೆ ತೀರಿಸುವವರಿಗೆ ದಂಡವಿಲ್ಲ, ಹತ್ತು ಸಾವಿರದವನಿಗೆ ಇದೆ.

ಇಷ್ಟರಲ್ಲೇ ಮುಗಿಯಲಿಲ್ಲ. ನಿಮ್ಮದೇ ಇನ್ನೊಂದು ನಿಯಮ ಇದೆ. 2022ರ ಮಾರ್ಚ್‌ನಲ್ಲಿ ಬಂದ ಮೈಕ್ರೋಫೈನಾನ್ಸ್ ನಿರ್ದೇಶನ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೆಲ್ಲ ಮೈಕ್ರೋಫೈನಾನ್ಸ್ ಸಾಲ ಅಂತ ಅದು ಹೇಳುತ್ತದೆ. ಯಾವ ಕಾರಣಕ್ಕೆ ತೆಗೆದರೂ ಸರಿ, ಮನೆಗೆ ಬಂದು ಕೊಟ್ಟರೂ ಸರಿ, ಫೋನಿನಲ್ಲಿ ಕೊಟ್ಟರೂ ಸರಿ. ಅಂಥ ಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತೆಯೇ ಇಲ್ಲ. ನಮ್ಮ ಲೇಥ್ ಹುಡುಗನ ಪಗಾರ 19,000. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ವರ್ಷಕ್ಕೆ 2,28,000. ಅಂದರೆ ಅವನ ಸಾಲ ನಿಮ್ಮ ನಿಯಮದ ಪ್ರಕಾರವೇ ಮೈಕ್ರೋಫೈನಾನ್ಸ್ ಸಾಲ. ಆ 472 ರೂಪಾಯಿ ಕೇಳುವ ಹಕ್ಕೇ ಆ್ಯಪ್‌ಗೆ ಇರಲಿಲ್ಲ, ಅಲ್ವಾ? ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳಿಗೆ ಕಂಪನಿಯವರು ಬಂದು ಕೊಡುವ ಸಾಲ ಮಾತ್ರ ಮೈಕ್ರೋಫೈನಾನ್ಸ್ ಅಂತ ಇಲ್ಲಿ ಎಲ್ಲರೂ ತಿಳಿದಿದ್ದಾರೆ. ಆ್ಯಪ್‌ನವರಿಗೂ ಹಾಗೆ ತಿಳಿದಿದ್ದರೆ ಅನುಕೂಲ.

ಅವನು ದೂರು ಕೊಡಬಹುದಿತ್ತು, ಹೌದು. ನಾನೇ ಬರೆದುಕೊಟ್ಟೆ. ಒಪ್ಪಂದದ ಪ್ರಕಾರವೇ ಶುಲ್ಕ ಹಾಕಿದ್ದೇವೆ ಅಂತ ಒಂದು ಸಾಲಿನ ಉತ್ತರ ಬಂತು. ಅಲ್ಲಿಂದ ಮುಂದೆ ಇಂಥ ದೂರು ವಿಚಾರಿಸಲು ನಿಮ್ಮ ಒಂಬುಡ್ಸ್‌ಮನ್ ಇದ್ದಾರೆ. ಆದರೆ ಕಂಪನಿಯವರು ಉತ್ತರವನ್ನೇ ಕೊಡದಿದ್ದರೆ 30 ದಿನ ಕಾಯಬೇಕು. ಸಾಲದ ಆಯುಷ್ಯವೇ 30 ದಿನ! ದೂರು ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಸಾಲ ಮುಗಿದು, ಎರಡನೆಯದು ಶುರುವಾಗಿರುತ್ತದೆ. 472 ರೂಪಾಯಿಗೋಸ್ಕರ ಅರ್ಧ ದಿನದ ಪಗಾರ ಬಿಟ್ಟು ಯಾರು ಓಡಾಡುತ್ತಾರೆ? ಇದು ಆ್ಯಪ್‌ನವರಿಗೂ ಗೊತ್ತು.

ಧಾರವಾಡದ ಕಡೆಯದೊಂದು ಹೇಳುತ್ತೇನೆ. ಸಪ್ತಾಪುರದಲ್ಲಿ ಕೋಚಿಂಗ್‌ಗೆ ಸೇರಿದ್ದ ಒಬ್ಬ ಹುಡುಗಿ, ಬ್ಯಾಡಗಿ ಕಡೆಯವಳು. ಫೀ ಕಟ್ಟಲು ಆರು ತಿಂಗಳಿಗೆ 24,000 ಸಾಲ ತೆಗೆದಿದ್ದಳು. ಎರಡು ರೂಪಾಯಿ ಬಡ್ಡಿ, ತಿಂಗಳ ಕಂತು 4,480. ಎರಡು ಕಂತು ಕಟ್ಟಿದ ಮೇಲೆ ತಂದೆ ಮೆಣಸಿನಕಾಯಿ ಮಾರಿದ ದುಡ್ಡು ಕಳಿಸಿದರು, ಮೊದಲು ಸಾಲ ಹರಿದುಕೋ ಅಂತ. ಆ್ಯಪ್‌ನಲ್ಲಿ ಕೇಳಿದರೆ ಮೂರು ಕಂತು ಮುಗಿಯುವವರೆಗೆ ಮುಚ್ಚಲು ಬರುವುದಿಲ್ಲ ಅಂದರು. ಬೇಕಾದರೆ ಉಳಿದ ನಾಲ್ಕೂ ಕಂತು ಒಟ್ಟಿಗೆ ಕಟ್ಟಿ, 17,920 ಅಂದರು.

ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 24 ಅಂತ ನಾವು ತಿಳಿಯುತ್ತೇವೆ. ಆದರೆ ಅಸಲು ಪ್ರತಿ ತಿಂಗಳು ಕಡಿಮೆಯಾಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ 24,000ದ ಮೇಲೆಯೇ ಹಿಡಿದರೆ, ನಿಜವಾದ ದರ ಶೇ 40ರ ಹತ್ತಿರ ಹೋಗುತ್ತದೆ. ಆ ಶೇ 40ರ ಲೆಕ್ಕದಲ್ಲೇ ಹೋದರೂ ಎರಡು ಕಂತು ಕಟ್ಟಿದ ಮೇಲೆ ಅವಳ ಬಾಕಿ ಸುಮಾರು 16,500. ಅವರು ಕೇಳಿದ್ದು 17,920. ಮೇಲಿನ 1,400 ರೂಪಾಯಿ ಅವಳು ಬಳಸದೇ ಇರುವ ನಾಲ್ಕು ತಿಂಗಳ ಬಡ್ಡಿ. ಇನ್ನೂ ಬರದ ತಿಂಗಳಿಗೆ ಬಡ್ಡಿ! ಮೀಟರ್ ಬಡ್ಡಿಯವರೂ ಇಷ್ಟು ಧೈರ್ಯ ಮಾಡುತ್ತಾರೋ ಇಲ್ಲವೋ.

ಸಾಲ ಕೊಡುವವರ ಮಾತನ್ನೂ ಕೇಳಬೇಕು. ಕೆವೈಸಿಗೆ ಖರ್ಚಿದೆ, ಕ್ರೆಡಿಟ್ ವರದಿ ತೆಗೆಯಲು ಖರ್ಚಿದೆ, ಆ್ಯಪ್ ನಡೆಸಲು, ದುಡ್ಡು ತರಲು ಖರ್ಚಿದೆ. ಮುಳುಗುವ ಸಾಲದ ನಷ್ಟವೂ ಇದೆ. ಹತ್ತು ದಿನಕ್ಕೇ ವಾಪಸ್ ಕೊಟ್ಟರೆ ನಮಗೇನು ಗಿಟ್ಟುತ್ತದೆ ಅಂತ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಆ ಖರ್ಚಿಗೇ ಅಲ್ಲವೇ ಮೊದಲ ದಿನ ಪ್ರೊಸೆಸಿಂಗ್ ಫೀ ಮುರಿದುಕೊಂಡದ್ದು? ಒಂದೇ ಖರ್ಚನ್ನು ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ ವಸೂಲಿ ಮಾಡುವುದು ಯಾವ ವ್ಯಾಪಾರ? ಸಂತೆಗೆ ಹೋದ ಎತ್ತಿನ ಗಾಡಿಗೆ ಹೋಗುವಾಗಲೂ ಬರುವಾಗಲೂ ಸುಂಕ ಹಾಕಿದ ಹಾಗಾಯಿತು.

ಬೇರೆ ದೇಶದವರು ಇದನ್ನು ಯೋಚಿಸಿದ್ದಾರೆ. ಪಗಾರದ ದಿನಕ್ಕೆ ತೀರಿಸುವ ಈ ಸಣ್ಣ ಸಾಲದ ದಂಧೆ ಅಮೆರಿಕದಲ್ಲಿ ದೊಡ್ಡದು. ಅಲ್ಲಿ 100 ಡಾಲರಿಗೆ ಎರಡು ವಾರಕ್ಕೆ 15 ಡಾಲರ್ ಶುಲ್ಕ ಅನ್ನುವುದು ಮಾಮೂಲಿ ಲೆಕ್ಕ. ವರ್ಷಕ್ಕೆ ಹಿಡಿದರೆ ಶೇ 400ರ ಹತ್ತಿರ. ಶುಲ್ಕ ಒಟ್ಟು ಮೊತ್ತವಾಗಿರುವುದರಿಂದ ಮೂರೇ ದಿನಕ್ಕೆ ವಾಪಸ್ ಕೊಟ್ಟರೂ ಸಾಮಾನ್ಯವಾಗಿ ಅಷ್ಟೇ. ಬ್ರಿಟನ್‌ನವರು ಬೇರೆ ದಾರಿ ಹಿಡಿದರು. 2015ರ ಜನವರಿ 2ರಿಂದ ಅಲ್ಲಿ ಬಡ್ಡಿ, ಶುಲ್ಕ ಎಲ್ಲ ಸೇರಿ ದಿನಕ್ಕೆ ಶೇ 0.8ಕ್ಕಿಂತ ಜಾಸ್ತಿ ಆಗುವಂತಿಲ್ಲ. ಏನೇ ಆದರೂ ಒಟ್ಟು ಖರ್ಚು ಅಸಲನ್ನು ಮೀರುವಂತಿಲ್ಲ.

ಆ ಲೆಕ್ಕವನ್ನು ನಮ್ಮ ಹುಡುಗನ ಸಾಲಕ್ಕೆ ಹಚ್ಚಿ ನೋಡಿ. 10,000ಕ್ಕೆ ದಿನಕ್ಕೆ 80 ರೂಪಾಯಿ. ಹತ್ತು ದಿನಕ್ಕೆ 800. ಅವನಿಗೆ ಇಲ್ಲಿ ಬಿದ್ದ ಲೆಕ್ಕ, ಫೀ, ಬಡ್ಡಿ, ಮುಚ್ಚುವ ಶುಲ್ಕ ಎಲ್ಲ ಸೇರಿ 1,515. ಪೂರ್ತಿ 30 ದಿನ ಇಟ್ಟುಕೊಂಡರೆ ಬ್ರಿಟನ್ನಿನ ಮಿತಿಯೇ ದುಬಾರಿ, 2,400ರವರೆಗೆ ಹೋಗುತ್ತದೆ. ಹಾಗಾಗಿ ಆ ಅಂಕಿಯನ್ನೇ ತನ್ನಿ ಅಂತ ನಾನು ಹೇಳುವುದಿಲ್ಲ, ದಯವಿಟ್ಟು ತರಬೇಡಿ. ಆ ರೀತಿ ಮಾತ್ರ ನನಗೆ ಹಿಡಿಸಿತು. ಫೀಗೂ ದಿನದ ಲೆಕ್ಕ ಇದೆ. ದುಡ್ಡು ಇಟ್ಟುಕೊಂಡ ದಿನಕ್ಕಷ್ಟೇ ಖರ್ಚು.

ನಮ್ಮಲ್ಲಿ ಮನಸ್ಸು ಬದಲಾದರೆ ಸಾಲ ಬಿಟ್ಟುಬಿಡಲು ಒಂದು ಅವಕಾಶ ಇದೆ. ಕೂಲಿಂಗ್ ಆಫ್ ಅನ್ನುತ್ತಾರೆ. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಖರ್ಚು ಕಟ್ಟಿದರೆ ದಂಡವಿಲ್ಲದೆ ಹೊರಗೆ ಬರಬಹುದು. ಇದನ್ನು ಹೇಳಿದರೆ ಜನ ನಂಬುವುದೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲದ ಮಾರ್ಗಸೂಚಿ ಬಂದಾಗ, ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲಕ್ಕೆ ಕನಿಷ್ಠ ಮೂರು ದಿನ ಇತ್ತು. 2025ರ ಮೇ ತಿಂಗಳ ನಿರ್ದೇಶನದಲ್ಲಿ ಕನಿಷ್ಠ ಒಂದು ದಿನ ಅಂತಾಯಿತು. ಮೊದಲೇ ತಿಳಿಸಿದ್ದರೆ ಪ್ರೊಸೆಸಿಂಗ್ ಫೀಯನ್ನೂ ಅವರು ಇಟ್ಟುಕೊಳ್ಳಬಹುದು. ಶನಿವಾರ ರಾತ್ರಿ ಸಾಲ ತೆಗೆದವನು ಭಾನುವಾರ ಏಳುವಷ್ಟರಲ್ಲಿ ಅವಕಾಶ ಮುಗಿಯುತ್ತಾ ಬಂದಿರುತ್ತದೆ. ಮೂರು ದಿನ ಇದ್ದದ್ದನ್ನು ಯಾಕೆ ಇಳಿಸಿದಿರಿ?

ರಾಜ್ಯದಲ್ಲಿ ಕಾನೂನು ಬಂತಲ್ಲ ಅನ್ನಬಹುದು. ಬಂತು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಫೈನಾನ್ಸ್‌ನವರ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸುವ ಹೋರಾಟ ಮಾಡಿದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಮೇಲೆ ಅದೇ ಕಾನೂನಾಯಿತು. ಬಾಗಿಲಿಗೆ ಬಂದು ಕೂಗಾಡುವವರಿಗೆ ಸ್ವಲ್ಪ ಅಂಜಿಕೆ ಹುಟ್ಟಿದೆ. ಆದರೆ ನಿಮ್ಮಲ್ಲಿ ನೋಂದಣಿಯಾದ ಕಂಪನಿಗಳ ಬಡ್ಡಿ, ಶುಲ್ಕದ ಲೆಕ್ಕಕ್ಕೆ ಆ ಕಾನೂನು ಕೈಹಾಕುವುದಿಲ್ಲ. ಅದು ನಿಮ್ಮ ಕೆಲಸ. ಜಿಲ್ಲಾಧಿಕಾರಿಯವರ ಹತ್ತಿರ ಹೋದರೆ ರಿಸರ್ವ್ ಬ್ಯಾಂಕಿಗೆ ಬರೆಯಿರಿ ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಭಾಗಕ್ಕೆ ಬಡ್ಡಿಯ ಜಗಳ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು, ರೈತರಿಗೆ ಕಡಿಮೆ ಬಡ್ಡಿಗೆ ಸಾಲ ಸಿಗಲಿ ಅಂತ. ದೇಶದ ಸಹಕಾರ ಚಳವಳಿಯ ಮೊದಲ ಸಂಘ ಅಂತ ಅದಕ್ಕೆ ಹೆಸರು. ಈಗ ಅದೇ ಜಿಲ್ಲೆಯ ಹುಡುಗರ ಫೋನಿನಲ್ಲಿ ನಾಲ್ಕೈದು ಸಾಲದ ಆ್ಯಪ್.

ಸಾಲ ಮುಂಚೆ ತೀರಿಸಿದರೂ ತಲೆನೋವು ಮುಗಿಯುವುದಿಲ್ಲ. ಬೆಟಗೇರಿಯ ಒಬ್ಬ ಪ್ರೆಸ್ ಕೆಲಸಗಾರ ಹೇಗೋ ಪೂರ್ತಿ ಕಟ್ಟಿ ಚುಕ್ತಾ ಮಾಡಿದ. ವಾಯಿದೆ ದಿನ ಬಂದಾಗ ಬ್ಯಾಂಕ್ ಖಾತೆಯಿಂದ ಅದೇ ಕಂತನ್ನು ಮತ್ತೆ ಎಳೆಯಲು ನೋಡಿದರು. ಆಟೋ ಡೆಬಿಟ್ ಒಪ್ಪಿಗೆಯನ್ನು ಯಾರೂ ರದ್ದು ಮಾಡಿರಲಿಲ್ಲ. ಖಾತೆಯಲ್ಲಿ ದುಡ್ಡಿರಲಿಲ್ಲ. ಬ್ಯಾಂಕಿನವರು ಬೌನ್ಸ್ ಚಾರ್ಜ್ ಹಾಕಿದರು. ಇಲ್ಲದ ಸಾಲಕ್ಕೆ!

ಈ ಪತ್ರ ಓದುವ ನಮ್ಮೂರಿನವರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಗವರ್ನರ್ ಅವರು ಕ್ಷಮಿಸಬೇಕು. ಸಾಲ ಮುಂಚೆ ತೀರಿಸುವ ಮೊದಲು ಇವತ್ತು ಕಟ್ಟಬೇಕಾದ ಮೊತ್ತ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಇಮೇಲ್ ಅಥವಾ ಚಾಟ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕ ಕೇಳಿದರೆ ಕೊಡಬೇಡಿ. ದುಡ್ಡು ಹೋಗಬೇಕಾದದ್ದು ಸಾಲ ಕೊಟ್ಟ ಕಂಪನಿಯ ಖಾತೆಗೆ, ಯಾವನೋ ಏಜೆಂಟನ ಯುಪಿಐಗೆ ಅಲ್ಲ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ, ಬ್ಯಾಂಕಿನಲ್ಲಿ ಆಟೋ ಡೆಬಿಟ್ ರದ್ದಾಗಿದೆಯೇ ನೋಡಿ. ಕಂಪನಿಯ ಉತ್ತರ ಸರಿಬರದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಕೇಳಿ.

ಇನ್ನು ನಿಮ್ಮಿಂದ ಏನಾಗಬೇಕು ಅಂತ ಹೇಳುತ್ತೇನೆ.

ಮುಂಚೆ ತೀರಿಸುವವರಿಗೆ ಶುಲ್ಕವಿಲ್ಲ ಅನ್ನುವ ನಿಮ್ಮ ನಿಯಮವನ್ನು ನಿಶ್ಚಿತ ದರದ ಸಣ್ಣ ಸಾಲಕ್ಕೂ ತನ್ನಿ. ಒಂದು ಲಕ್ಷದೊಳಗೆ, ಒಂದು ವರ್ಷದೊಳಗೆ ಅಂತ ಮಿತಿ ಹಾಕಿದರೂ ಸಾಕು, ನಮ್ಮ ರಸ್ತೆಯ ಬಹುತೇಕ ಸಾಲ ಅದರೊಳಗೇ ಬರುತ್ತದೆ. ಮೂರು ಕಂತು ಮುಗಿಯದೆ ಮುಚ್ಚಲು ಬಿಡುವುದಿಲ್ಲ ಅನ್ನುವುದನ್ನು ಪೂರ್ತಿ ತೆಗೆಯಿರಿ. 30 ದಿನಕ್ಕೆ ಅಂತ ಮುರಿದುಕೊಂಡ ಪ್ರೊಸೆಸಿಂಗ್ ಫೀಯಲ್ಲಿ, ಸಾಲ ಹತ್ತು ದಿನಕ್ಕೇ ಮುಗಿದರೆ ಒಂದು ಭಾಗ ವಾಪಸ್ ಬರಲಿ. ಪೂರ್ತಿ ಬೇಡ, ಅವರ ನಿಜವಾದ ಖರ್ಚು ಅವರಿಗಿರಲಿ. ಕೂಲಿಂಗ್ ಆಫ್ ಮತ್ತೆ ಮೂರು ದಿನವಾಗಲಿ.

ಆ್ಯಪ್ ತೆರೆದ ಕೂಡಲೇ ಮೊದಲ ಪುಟದಲ್ಲೇ, ಇವತ್ತು ಚುಕ್ತಾ ಮಾಡಿದರೆ ಇಷ್ಟು ರೂಪಾಯಿ ಅಂತ ಕಾಣಬೇಕು. ಹೊಸ ಸಾಲದ ಬಟನ್ ಎಷ್ಟು ದೊಡ್ಡದೋ ಇದೂ ಅಷ್ಟೇ ದೊಡ್ಡದಿರಲಿ. ಕನ್ನಡದಲ್ಲಿರಲಿ. ಕೆಎಫ್‌ಎಸ್ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ 2024ರಲ್ಲಿ ನೀವೇ ಹೇಳಿದ್ದೀರಿ. ನನ್ನ ಅಂಗಡಿಗೆ ಪ್ರಿಂಟ್ ತೆಗೆಸಲು ಬರುವ ಹಾಳೆಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ. ಕನ್ನಡದಲ್ಲಿದ್ದದ್ದು ಒಂದೆರಡು ಬಂದಿವೆ. ಅದನ್ನು ಓದಿದರೆ ಇಂಗ್ಲಿಷೇ ವಾಸಿ ಅನ್ನಿಸುತ್ತದೆ.

30 ದಿನದ ಸಾಲದ ದೂರಿಗೆ 30 ದಿನ ಕಾಯಿಸಬೇಡಿ. ಇಂಥ ಸಾಲಕ್ಕೆ ಕಂಪನಿ ಮೂರು ದಿನದಲ್ಲಿ ಉತ್ತರ ಕೊಡಬೇಕು ಅನ್ನಿ. ಸಾಲ ಕೊಡಲು ಐದು ನಿಮಿಷ ಸಾಕಾಗುವವರಿಗೆ ಉತ್ತರ ಕೊಡಲು ಮೂರು ದಿನ ಧಾರಾಳ.

ಕೊನೆಯದಕ್ಕೆ ಹೊಸ ನಿಯಮವೇ ಬೇಕಿಲ್ಲ. 3 ಲಕ್ಷದೊಳಗಿನ ಕುಟುಂಬದ ಆ್ಯಪ್ ಸಾಲವೂ ಮೈಕ್ರೋಫೈನಾನ್ಸ್ ಸಾಲ, ಅದಕ್ಕೆ ಮುಂಚೆ ತೀರಿಸುವ ದಂಡವಿಲ್ಲ ಅಂತ ನಿಮ್ಮ ನಿರ್ದೇಶನದಲ್ಲೇ ಇದೆ. ಅದನ್ನು ಎಷ್ಟು ಆ್ಯಪ್‌ಗಳು ಪಾಲಿಸುತ್ತಿವೆ ಅಂತ ತಪಾಸಣೆಗೆ ಜನ ಕಳಿಸಿ. ಆ್ಯಪ್‌ಗಳು ಈಗ ಕೇಳುವುದು ನಿಮ್ಮ ಸಂಬಳ ಎಷ್ಟು ಅಂತ. ನಿಮ್ಮ ಮನೆಯವರೆಲ್ಲರ ವರ್ಷದ ಆದಾಯ ಎಷ್ಟು ಅಂತ ಇನ್ನೊಂದು ಪ್ರಶ್ನೆ ಸೇರಿಸಿ, ಉತ್ತರ 3 ಲಕ್ಷದೊಳಗಿದ್ದರೆ ಆ ಶೇ 4ರ ಸಾಲು ಕೆಎಫ್‌ಎಸ್‌ನಲ್ಲಿ ಬರದ ಹಾಗೆ ಮಾಡಲು ಅವರಿಗೆ ಒಂದು ದಿನದ ಕೆಲಸವೂ ಅಲ್ಲ.

ಇತಿ ನಿಮ್ಮ ವಿಶ್ವಾಸಿ,
ಗೋಕುಲ ರಸ್ತೆಯ ಆನ್‌ಲೈನ್ ಸೆಂಟರ್‌ನವಳು
ಹುಬ್ಬಳ್ಳಿ